ಫ್ಯಾಮಿಲಿ ಮೆಡಿಸಿನ್ ಎಲೆಕ್ಟಿವ್: ಮೈಸೂರು, ಮಂಡ್ಯದ ಎಂಬಿಬಿಎಸ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೂರನೇ ಎಂಬಿಬಿಎಸ್ ಮೊದಲ ಭಾಗದ ಪರೀಕ್ಷೆ ಮುಗಿದು ಅಂತಿಮ ಭಾಗ ಶುರುವಾಗುವ ಮುಂಚೆ ಸಿಗುವ ಎಲೆಕ್ಟಿವ್ ಅವಧಿಯನ್ನು (ವಿಷಯವನ್ನು ವಿದ್ಯಾರ್ಥಿಯೇ ಆರಿಸಿಕೊಂಡು ಕಲಿಯುವ ದಿನಗಳು) ಕುಟುಂಬ ವೈದ್ಯಕೀಯದಲ್ಲಿ ಕಳೆಯಬೇಕು ಅಂದುಕೊಂಡಿರುವವರಿಗೆ ಈ ಪುಟ. ಎರಡೂ ಜಿಲ್ಲೆಗಳ ಓಪಿಡಿಗಳನ್ನು (ಹೊರರೋಗಿ ವಿಭಾಗ) ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಡೋಸು, ಅಳತೆಗಳನ್ನು ಹೇಳಿರುವುದು ನಿಮ್ಮ ತಿಳಿವಳಿಕೆಗೆ. ರೋಗಿಗೆ ಏನು ಕೊಡಬೇಕು ಎಂಬ ತೀರ್ಮಾನ ಮಾರ್ಗದರ್ಶಿ ವೈದ್ಯರದೇ.

ಎಲೆಕ್ಟಿವ್ ಎಷ್ಟು ದಿನ? ಸೀನಿಯರ್‌ಗಳು ಎರಡು ತಿಂಗಳು ಅನ್ನುತ್ತಾರೆ, ನಮಗೆ ಒಂದೇ ತಿಂಗಳು ಅನ್ನುತ್ತಿದ್ದಾರೆ.

ಇಬ್ಬರು ಹೇಳುವುದೂ ಸರಿ. 2019ರ ಪದವಿ ವೈದ್ಯಕೀಯ ನಿಯಮಗಳಲ್ಲಿ ಎರಡು ತಿಂಗಳಿತ್ತು: ನಾಲ್ಕು ವಾರದ ಒಂದು ಬ್ಲಾಕ್ ಪ್ರಿಕ್ಲಿನಿಕಲ್, ಪ್ಯಾರಾಕ್ಲಿನಿಕಲ್ ವಿಭಾಗ ಅಥವಾ ಸಂಶೋಧಕರ ಬಳಿ, ಇನ್ನೊಂದು ಬ್ಲಾಕ್ ಕ್ಲಿನಿಕಲ್ ವಿಭಾಗದಲ್ಲಿ ಇಲ್ಲವೇ ಹಳ್ಳಿ ಅಥವಾ ನಗರದ ಸಮುದಾಯ ಕ್ಲಿನಿಕ್ಕಿನಲ್ಲಿ. ಆಮೇಲೆ ಬಂದ ಪರಿಷ್ಕರಣೆಯಲ್ಲಿ ಅದು ತಲಾ 15 ದಿನದ ಎರಡು ಬ್ಲಾಕ್‌ಗೆ ಇಳಿಯಿತು. ಫ್ಯಾಮಿಲಿ ಮೆಡಿಸಿನ್ ಬರುವುದು ಎರಡನೇ ಬ್ಲಾಕಿನಲ್ಲಿ.

ನಿಮ್ಮ ಬ್ಯಾಚಿಗೆ ಯಾವುದು ಎಂಬುದನ್ನು ಕಾಲೇಜಿನ ಅಕಾಡೆಮಿಕ್ ಕ್ಯಾಲೆಂಡರ್ ನೋಡಿಯೇ ತಿಳಿಯಬೇಕು. ಪಕ್ಕದ ಕಾಲೇಜಿನ ಗೆಳೆಯರನ್ನು ಕೇಳಿ ದಿನಾಂಕ ಲೆಕ್ಕ ಹಾಕಬೇಡಿ. ಮೈಸೂರು ಮೆಡಿಕಲ್ ಕಾಲೇಜು ಮತ್ತು ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜಾದ ಮಿಮ್ಸ್ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಜೆಎಸ್‌ಎಸ್‌ಗೂ ಬೆಳ್ಳೂರಿನ ಆದಿಚುಂಚನಗಿರಿಗೂ ತಮ್ಮದೇ ವಿಶ್ವವಿದ್ಯಾಲಯಗಳಿವೆ. ಹಾಗಾಗಿ ಎಲ್ಲ ಕಾಲೇಜುಗಳಲ್ಲೂ ಪರೀಕ್ಷೆ ಒಂದೇ ದಿನ ಮುಗಿಯುವುದಿಲ್ಲ, ಎಲೆಕ್ಟಿವ್ ಒಂದೇ ದಿನ ಶುರುವಾಗುವುದಿಲ್ಲ.

ನಮ್ಮ ಕಾಲೇಜಿನಲ್ಲಿ ಫ್ಯಾಮಿಲಿ ಮೆಡಿಸಿನ್ ವಿಭಾಗವೇ ಇಲ್ಲ. ಆಗ?

ತೊಂದರೆಯಿಲ್ಲ. ಕಮ್ಯುನಿಟಿ ಮೆಡಿಸಿನ್ ಅಥವಾ ಜನರಲ್ ಮೆಡಿಸಿನ್ ವಿಭಾಗದ ಒಬ್ಬರು ಮೇಲ್ವಿಚಾರಕರಾಗಿ ಸಹಿ ಹಾಕಿ, ಕೆಲಸ ಕಾಲೇಜಿನ ಗ್ರಾಮೀಣ ಅಥವಾ ನಗರ ಆರೋಗ್ಯ ಕೇಂದ್ರದಲ್ಲಿ ನಡೆಯುವ ಏರ್ಪಾಟು ಸಾಧ್ಯ. ಆದರೆ ಯಾವ ಎಲೆಕ್ಟಿವ್‌ಗಳಿರಬೇಕು, ಒಂದೊಂದರಲ್ಲಿ ಎಷ್ಟು ಜನ, ಮೇಲ್ವಿಚಾರಕರು ಯಾರು ಎಂಬುದನ್ನು ಕಾಲೇಜು ಮೊದಲೇ ನಿಗದಿ ಮಾಡಬಹುದು ಎಂದು ನಿಯಮವೇ ಹೇಳುತ್ತದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಕೊನೇ ವಾರದಲ್ಲಿ ಕೇಳಿದರೆ ಇಲ್ಲ ಅನ್ನುತ್ತಾರೆ. ಶೈಕ್ಷಣಿಕ ವರ್ಷದ ಆರಂಭದಲ್ಲಿ, ಪಟ್ಟಿ ಸಿದ್ಧವಾಗುವ ಹೊತ್ತಿಗೆ, ಮೂರ್ನಾಲ್ಕು ಜನ ಸೇರಿ ಎಚ್‌ಒಡಿಯನ್ನು (ವಿಭಾಗದ ಮುಖ್ಯಸ್ಥರು) ಕೇಳಿದರೆ ಸೇರಿಸುವ ಸಾಧ್ಯತೆ ಹೆಚ್ಚು.

ಮೆಡಿಸಿನ್ ವಾರ್ಡಿನಲ್ಲೇ ಎಲ್ಲ ಕೇಸೂ ಸಿಗುತ್ತವಲ್ಲ, ಇಲ್ಲಿ ಹೊಸದೇನು?

ಕೆ.ಆರ್. ಆಸ್ಪತ್ರೆಯ ವಾರ್ಡಿಗೆ ಬರುವ ರೋಗಿಗೆ ಅಷ್ಟು ಹೊತ್ತಿಗೆ ಕಾಯಿಲೆಯ ಒಂದು ಹೆಸರು ಅಂಟಿರುತ್ತದೆ: ಸಿಓಪಿಡಿ (ಶ್ವಾಸಕೋಶದ್ದು), ಸಿರೋಸಿಸ್ (ಯಕೃತ್ತಿನದು), ಸ್ಟ್ರೋಕ್. ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರ) ಬೆಂಚಿನ ಮೇಲೆ ಕೂತವರಿಗೆ ಅಂಥ ಹೆಸರಿಲ್ಲ. ‘ಸುಸ್ತು’ ಅಂತ ಬರುತ್ತಾರೆ. ಅದು ರಕ್ತಹೀನತೆಯೋ, ಥೈರಾಯ್ಡೋ, ಸಕ್ಕರೆಯೋ, ಸೊಸೆ ತವರಿಗೆ ಹೋಗಿ ಹದಿನೈದು ದಿನವಾಗಿರುವುದೋ, ಅಲ್ಲೇ ಐದು ನಿಮಿಷದಲ್ಲಿ ಒಂದು ದಾರಿ ಹಿಡಿಯಬೇಕು. ಬಹಳ ಸಲ ಅಂದೇ ಹೆಸರು ಇಡುವುದೂ ಬೇಡ. ‘ಬುಧವಾರ ಬನ್ನಿ, ನೋಡೋಣ’ ಅನ್ನುವುದು ಇಲ್ಲಿ ಒಂದು ಚಿಕಿತ್ಸಾ ಕ್ರಮವೇ; ಸಮಯವೂ ಒಂದು ಪರೀಕ್ಷೆ. ಯಾರಿಗೆ ಹಾಗೆ ಹೇಳಬಹುದು, ಯಾರನ್ನು ಈಗಲೇ 108ರಲ್ಲಿ ಕಳಿಸಬೇಕು ಎಂಬ ವಿವೇಚನೆ ವಾರ್ಡಿನಲ್ಲಿ ಬೆಳೆಯುವುದಿಲ್ಲ.

ಹಾಗಾಗಿ ಈ ಪೋಸ್ಟಿಂಗಿನ ಲಾಭವನ್ನು ನೋಡಿದ ಕೇಸಿನ ಸಂಖ್ಯೆಯಲ್ಲಿ ಅಳೆಯಬೇಡಿ. ಎಷ್ಟು ಜನರನ್ನು ಎರಡನೇ ಸಲ ನೋಡಿದಿರಿ ಎಂಬುದೇ ಸರಿಯಾದ ಲೆಕ್ಕ. ಕೆಳಗಿನ ಎಷ್ಟೋ ಸಲಹೆಗಳು ಈ ಒಂದು ಮಾತಿನಿಂದಲೇ ಹುಟ್ಟಿದವು.

ಪಿಎಚ್‌ಸಿ, ನಮ್ಮ ಕ್ಲಿನಿಕ್, ಖಾಸಗಿ ಫ್ಯಾಮಿಲಿ ಡಾಕ್ಟರ್: ಯಾವುದು ಒಳ್ಳೆಯದು?

ಪಿಎಚ್‌ಸಿ ಬಯಲುಸೀಮೆಯಲ್ಲಿ ಸುಮಾರು 30,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಕ್ಕೆ ಒಂದು ಎಂಬ ಲೆಕ್ಕದ್ದು. ಓಪಿಡಿ ಜತೆಗೆ ಲಸಿಕೆ, ಗರ್ಭಿಣಿ ತಪಾಸಣೆ, ಟಿಬಿ, 30 ದಾಟಿದವರ ಬಿಪಿ ಮತ್ತು ಶುಗರ್ ತಪಾಸಣೆ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ. ಆಶಾ ಕಾರ್ಯಕರ್ತೆಯ ಜತೆ ಮನೆಗಳಿಗೂ ಹೋಗಬಹುದು. ಕಷ್ಟವೆಂದರೆ ವೈದ್ಯಾಧಿಕಾರಿಗೆ ಸಭೆ, ಆನ್‌ಲೈನ್ ವರದಿ, ತಾಲ್ಲೂಕು ಕಚೇರಿಯ ಕೆಲಸ ಇದ್ದೇ ಇರುತ್ತದೆ. ಆ ದಿನ ನಿಮಗೆ ಕಲಿಸುವವರಿಲ್ಲ.

ನಮ್ಮ ಕ್ಲಿನಿಕ್ ನಗರದ ಬಡಾವಣೆಗಳಲ್ಲಿರುವ ಸಣ್ಣ ಸರ್ಕಾರಿ ಕ್ಲಿನಿಕ್, ರಾಜ್ಯದಲ್ಲಿ 2022ರ ಡಿಸೆಂಬರಿನಲ್ಲಿ ಶುರುವಾದದ್ದು. ಬಿಪಿ, ಶುಗರ್, ಜ್ವರ, ಚರ್ಮದ ತೊಂದರೆ ಚೆನ್ನಾಗಿ ಸಿಗುತ್ತವೆ. ಮನೆ ಭೇಟಿ ಕಡಿಮೆ.

ಖಾಸಗಿ ಕ್ಲಿನಿಕ್ಕಿನಲ್ಲಿ ಒಂದು ಸಂಗತಿ ಬೇರೆಲ್ಲೂ ಸಿಗುವುದಿಲ್ಲ: ಅದೇ ವೈದ್ಯರು ಅಜ್ಜಿ, ಮಗಳು, ಮೊಮ್ಮಗಳು ಮೂವರನ್ನೂ ಇಪ್ಪತ್ತು ವರ್ಷದಿಂದ ನೋಡುತ್ತಿರುತ್ತಾರೆ. ಕುಟುಂಬ ವೈದ್ಯಕೀಯ ಎಂಬ ಹೆಸರಿಗೆ ನಿಜವಾದ ಅರ್ಥ ಅಲ್ಲಿ ಕಾಣುತ್ತದೆ. ಹೋಗುವ ಮುಂಚೆ ಎರಡು ವಿಷಯ ಖಚಿತಪಡಿಸಿಕೊಳ್ಳಿ. ಒಂದು, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕ್ಲಿನಿಕ್ ನೋಂದಣಿಯಾಗಿದೆಯೇ. ಎರಡು, ಅಲ್ಲಿನ ವೈದ್ಯರ ಸಹಿಯನ್ನು ನಿಮ್ಮ ಕಾಲೇಜು ಒಪ್ಪುತ್ತದೆಯೇ. ಎರಡನೆಯದನ್ನು ಕೇಳದೆ ಹೋಗಿ ಹದಿನೈದು ದಿನ ಕೆಲಸ ಮಾಡಿ ಬಂದರೆ ಲಾಗ್‌ಬುಕ್ ತಿರಸ್ಕೃತವಾಗಬಹುದು.

ನಮ್ಮ ಅಭಿಪ್ರಾಯ ಕೇಳಿದರೆ, ದಿನಕ್ಕೆ 40–60 ರೋಗಿಗಳು ಬರುವ ಜಾಗ ಉತ್ತಮ. ಇನ್ನೂರು ಜನ ಬರುವ ಕಡೆ ಚೀಟಿ ಬರೆಯುವುದನ್ನು ನೋಡುತ್ತೀರಿ ಅಷ್ಟೆ. ಎಚ್.ಡಿ. ಕೋಟೆ, ಸರಗೂರು ಕಡೆ ಹೋದರೆ ಜೇನುಕುರುಬ, ಕಾಡುಕುರುಬ ಹಾಡಿಗಳ ಆರೋಗ್ಯ, ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ತಪಾಸಣೆ ನೋಡಬಹುದು. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಎಲೆ ಕೀಳುವ ಕಾಲಕ್ಕೆ ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಸೇರಿ ವಾಂತಿ, ತಲೆಸುತ್ತು ಬರುವುದುಂಟು. ಅದನ್ನು ಬರೀ ಪಿತ್ತ, ಬಿಸಿಲು ಅಂದುಕೊಂಡು ಬಿಟ್ಟರೆ ಕಾರಣ ಸಿಗುವುದಿಲ್ಲ. ಮಂಡ್ಯ, ಮದ್ದೂರು, ಪಾಂಡವಪುರದಲ್ಲಿ ಕಬ್ಬಿನ ಗದ್ದೆಯ ಗಾಯ, ಬೆನ್ನುನೋವು, ಹಾವು ಕಡಿತ ಹೆಚ್ಚು ನೋಡಲು ಸಿಗುತ್ತವೆ.

ಒಂದು ವಾರ ಪಿಎಚ್‌ಸಿ, ಒಂದು ವಾರ ಖಾಸಗಿ ಕ್ಲಿನಿಕ್ ಅಂತ ಹಂಚಿಕೊಳ್ಳಬಹುದೇ?

15 ದಿನದಲ್ಲಿ ಬೇಡ. ಮೊದಲ ಮೂರು ದಿನ ಜಾಗ ಅರ್ಥವಾಗುವುದಕ್ಕೇ ಬೇಕು. ಮೊದಲ ವಾರ ನೋಡಿದವರು ಎರಡನೇ ವಾರ ಮತ್ತೆ ಬರುವ ಹೊತ್ತಿಗೆ ನೀವಿರುವುದಿಲ್ಲ. ನಾಲ್ಕು ವಾರವಿದ್ದರೆ ಮಾತ್ರ ಯೋಚಿಸಬಹುದು, ಆಗಲೂ ಮೂರು ಮತ್ತು ಒಂದು ಎಂದು.

ಅನುಮತಿಗೆ ಏನೇನು ಪತ್ರ ಬೇಕು?

ಕಾಲೇಜಿನ ಸ್ವಂತ ಆರೋಗ್ಯ ಕೇಂದ್ರವಾದರೆ ಎಚ್‌ಒಡಿ ಒಪ್ಪಿಗೆ ಮತ್ತು ಪ್ರಿನ್ಸಿಪಾಲರ ಆದೇಶ ಸಾಕು. ಆರೋಗ್ಯ ಇಲಾಖೆಯ ಪಿಎಚ್‌ಸಿಯಾದರೆ ಪ್ರಿನ್ಸಿಪಾಲರ ಪತ್ರ ಜಿಲ್ಲಾ ಆರೋಗ್ಯಾಧಿಕಾರಿಗೆ ಹೋಗಿ, ಅಲ್ಲಿಂದ ತಾಲ್ಲೂಕು ಆರೋಗ್ಯಾಧಿಕಾರಿಗೆ, ಅಲ್ಲಿಂದ ವೈದ್ಯಾಧಿಕಾರಿಗೆ ಇಳಿಯಬೇಕು. ಪತ್ರ ತಾನಾಗಿ ಓಡಾಡುವುದಿಲ್ಲ. ಸ್ವೀಕೃತಿ ಸಂಖ್ಯೆ ಬರೆಸಿಕೊಂಡು, ವಾರದ ನಂತರ ಹೋಗಿ ವಿಚಾರಿಸಿ. ಎರಡು ತಿಂಗಳ ಮುಂಚೆ ಶುರು ಮಾಡುವುದು ಕ್ಷೇಮ. ದಸರಾ ಆಸುಪಾಸಿನಲ್ಲಿ ಇನ್ನೂ ಮುಂಚೆ, ಆ ಹದಿನೈದು ದಿನ ಮೈಸೂರಿನ ಕಚೇರಿಗಳಲ್ಲಿ ಕಡತ ಮುಂದೆ ಹೋಗುವುದು ನಿಧಾನ.

ಪತ್ರದಲ್ಲಿ ಇವಿರಲಿ: ನಿಮ್ಮ ಹೆಸರು, ನೋಂದಣಿ ಸಂಖ್ಯೆ, ಶುರು ಮತ್ತು ಕೊನೆಯ ದಿನಾಂಕ, ಮೇಲ್ವಿಚಾರಕರ ಹೆಸರು, ನೀವು ಮೇಲ್ವಿಚಾರಣೆಯಲ್ಲಿ ಮಾತ್ರ ರೋಗಿಗಳನ್ನು ಪರೀಕ್ಷಿಸುವಿರಿ ಎಂಬ ಒಂದು ಸಾಲು. ಈ ಕೊನೆಯ ಸಾಲಿಲ್ಲದಿದ್ದರೆ ಕೆಲವು ವೈದ್ಯಾಧಿಕಾರಿಗಳು ಹಿಂಜರಿಯುತ್ತಾರೆ, ಅದು ನ್ಯಾಯವೇ. ಜತೆಗೆ ಇದನ್ನೂ ಕೇಳಿಕೊಳ್ಳಿ: ಎಲೆಕ್ಟಿವ್ ಹೊತ್ತಿನಲ್ಲಿ ಬೆಳಗಿನ ಕ್ಲಿನಿಕಲ್ ಪೋಸ್ಟಿಂಗ್ ಕೂಡ ಇದೆಯೇ? ಇದ್ದರೆ ಕೆ.ಆರ್. ಪೇಟೆಯ ಹಳ್ಳಿಯೊಂದನ್ನು ಆರಿಸಿಕೊಂಡು ಪ್ರಯೋಜನವಿಲ್ಲ.

ಏನೇನು ತೆಗೆದುಕೊಂಡು ಹೋಗಬೇಕು?

ಸ್ಟೆತ್, ಬಿಪಿ ಮಾಪಕ (ಸಾಧಾರಣ ಕಫ್ ಜತೆಗೆ ದೊಡ್ಡದೊಂದು ಮತ್ತು ಮಕ್ಕಳದೊಂದು), ಟಾರ್ಚ್, ಅಳತೆ ಟೇಪು, ಥರ್ಮಾಮೀಟರ್, 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್, 10 ಗ್ರಾಂ ಮಾನೋಫಿಲಮೆಂಟ್ (ಪಾದದ ಸ್ಪರ್ಶಜ್ಞಾನ ನೋಡುವ ನೈಲಾನ್ ಎಳೆ), ಮೊಣಕಾಲು ಸುತ್ತಿಗೆ, ಜೇಬಿಗೆ ಹಿಡಿಸುವ ನೋಟ್‌ಬುಕ್. ಮಾನೋಫಿಲಮೆಂಟ್ ಎಲ್ಲಾ ಕಡೆ ಇರುವುದಿಲ್ಲ, ನಿಮ್ಮದೇ ಇರಲಿ. ಬರಿಗಾಲಲ್ಲಿ ಗದ್ದೆ ಕೆಲಸ ಮಾಡುವವರ ಪಾದದಲ್ಲಿ ಆಣಿ, ಗಡಸು ಚರ್ಮ ಇರುತ್ತದೆ. ಅದರ ಮೇಲೆ ಒತ್ತಿದರೆ ಸ್ಪರ್ಶ ಇದ್ದರೂ ಇಲ್ಲ ಅನ್ನುತ್ತಾರೆ. ಪಕ್ಕದ ಮೃದು ಜಾಗದಲ್ಲಿ ಒತ್ತಿ.

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು (0, 1, 6 ತಿಂಗಳು) ಮುಗಿದಿರಬೇಕು. ಪ್ರತಿಕಾಯದ ಮಟ್ಟ 10ಕ್ಕಿಂತ ಮೇಲಿದೆಯೇ ಎಂದು ಪರೀಕ್ಷಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು. ಟಿಡಿ (ಧನುರ್ವಾಯು, ಡಿಫ್ತೀರಿಯಾ) ಲಸಿಕೆಯದೂ ಲೆಕ್ಕ ನೋಡಿಕೊಳ್ಳಿ.

ಮೊದಲ ವಾರ ಏನು ಮಾಡಬೇಕು?

ಮೊದಲ ದಿನ ಓಪಿಡಿ ಕೋಣೆಯೊಳಗೆ ನುಗ್ಗಬೇಡಿ. ಚೀಟಿ ಕೊಡುವ ಜಾಗ, ಔಷಧಿ ಕಿಟಕಿ, ಲ್ಯಾಬ್, ಡ್ರೆಸಿಂಗ್ ಕೋಣೆ ಒಂದೊಂದರಲ್ಲೂ ಅರ್ಧ ಗಂಟೆ ನಿಲ್ಲಿ. ಯಾವ ಮಾತ್ರೆ ಸ್ಟಾಕ್ ಇದೆ, ಯಾವ ರಕ್ತಪರೀಕ್ಷೆ ಅಲ್ಲೇ ಆಗುತ್ತದೆ, ಯಾವುದಕ್ಕೆ ತಾಲ್ಲೂಕಿಗೆ ಕಳಿಸಬೇಕು ಎಂದು ಬರೆದುಕೊಳ್ಳಿ. ಇಲ್ಲದ ಔಷಧವನ್ನೂ ಇಲ್ಲದ ಪರೀಕ್ಷೆಯನ್ನೂ ಹೇಳುತ್ತಾ ಕೂರುವ ವಿದ್ಯಾರ್ಥಿ ಮೂರನೇ ದಿನಕ್ಕೆ ಎಲ್ಲರಿಗೂ ಬೇಸರ ತರಿಸುತ್ತಾನೆ.

ಎರಡನೇ ದಿನದಿಂದ ದಿನಕ್ಕೆ ಎಂಟರಿಂದ ಹತ್ತು ರೋಗಿಗಳ ಇತಿಹಾಸ ನೀವೇ ತೆಗೆಯಿರಿ. ಅವರಲ್ಲಿ ಇಬ್ಬರು ಮೂವರನ್ನು ಆರಿಸಿ, ವೈದ್ಯರ ಒಪ್ಪಿಗೆ ಪಡೆದು, ನೀವಿರುವ ಅವಧಿಯೊಳಗೇ ಮತ್ತೆ ಬರುವಂತೆ ದಿನ ಕೊಡಿ. ಹೊಸದಾಗಿ ಬಿಪಿ ಮಾತ್ರೆ ಶುರುವಾದವರು, ವಾಸಿಯಾಗದ ಗಾಯದವರು, ಕಬ್ಬಿಣದ ಮಾತ್ರೆ ಶುರು ಮಾಡಿದ ಗರ್ಭಿಣಿ ಇದಕ್ಕೆ ಸರಿಯಾದವರು. ಸಂತೆಯ ದಿನ ನೋಡಿ ಕೊಟ್ಟರೆ ಖಂಡಿತ ಬರುತ್ತಾರೆ. ಹೇಗೂ ಊರಿಗೆ ಬರುವ ಬಸ್ಸಿನ ಖರ್ಚು ಅದರಲ್ಲೇ ಕಳೆಯುತ್ತದೆ. ಮೊದಲ ವಾರ ದಿನ ಕೊಡದಿದ್ದರೆ ಎರಡನೇ ವಾರ ನೋಡಲು ಯಾರೂ ಇರುವುದಿಲ್ಲ.

ನನಗೆ ಕನ್ನಡ ಅಷ್ಟಾಗಿ ಬರುವುದಿಲ್ಲ. ನಿಭಾಯಿಸಬಹುದೇ?

ಬಹುದು, ಆದರೆ ಜತೆಗೊಬ್ಬ ಕನ್ನಡ ಬಲ್ಲ ಸಹಪಾಠಿ ಇರುವ ಜಾಗ ಕೇಳಿ. ರೋಗಿಯ ಮಗನನ್ನೋ ಸೊಸೆಯನ್ನೋ ದುಭಾಷಿಯಾಗಿ ಇಟ್ಟುಕೊಂಡರೆ ಮುಟ್ಟು, ಕುಡಿತ, ಮನೆಯ ಜಗಳ ಯಾವುದೂ ಹೊರಬರುವುದಿಲ್ಲ.

ಕನ್ನಡದವರಿಗೂ ಈ ಭಾಗದ ಮಾತು ಕೆಲವು ಕಡೆ ಎಡವಿಸುತ್ತದೆ. ‘ಹೊರಕಡೆ ಸರಿಯಾಗಿ ಹೋಗ್ತಿಲ್ಲ’ ಎಂದರೆ ಮಲಬದ್ಧತೆ. ‘ತಿಂಗಳು ನಿಂತಿದೆ’, ‘ಬಿಳಿ ಹೋಗ್ತದೆ’, ‘ಜೋಮು ಹಿಡೀತದೆ’, ‘ಅಮ್ಮ ಆಗಿದೆ’, ‘ಲಕ್ವ ಹೊಡೆದಿದೆ’ ಇವೆಲ್ಲ ಮೊದಲ ದಿನವೇ ಕಿವಿಗೆ ಬೀಳುತ್ತವೆ. ‘ಸಂಕಟ’ ಎಂದಾಗ ಮಾತ್ರ ನಿಲ್ಲಿಸಿ, ಕೈಯಿಟ್ಟು ತೋರಿಸಿ ಎನ್ನಿ: ವಾಕರಿಕೆಯೂ ಇರಬಹುದು, ಹೊಟ್ಟೆಯುರಿಯೂ ಇರಬಹುದು, ಎದೆನೋವೂ ಇರಬಹುದು. ಕರೆಯುವಾಗ ಅಂಕಲ್, ಆಂಟಿ ಬೇಡ. ಅಜ್ಜಿ, ತಾತ, ಅಮ್ಮ, ಅಣ್ಣ, ಅಕ್ಕ ಅಂದರೆ ಮಾತು ಬೇಗ ಬಿಚ್ಚಿಕೊಳ್ಳುತ್ತದೆ. ಯಾರಿಗೂ ಏಕವಚನ ಬಳಸಬೇಡಿ, ಅವರು ನಿಮ್ಮನ್ನು ‘ಏನ್ ಮಗ’ ಅಂದರೂ ಸರಿ.

ಇತಿಹಾಸದ ಕೊನೆಗೆ ಮೂರು ಪ್ರಶ್ನೆ ಬಿಡಬೇಡಿ. ಇದು ಯಾಕೆ ಬಂದಿರಬಹುದು ಅಂತ ನಿಮಗೆ ಅನ್ನಿಸುತ್ತೆ? ಇದರಲ್ಲಿ ನಿಮಗೆ ಯಾವುದು ಹೆದರಿಕೆ? ಇವತ್ತು ಇಲ್ಲಿಗೆ ಬಂದಿರೋದು ಏನಾಗಲಿ ಅಂತ? ತಲೆನೋವೆಂದು ಬಂದವರು ಪಕ್ಕದ ಮನೆಯವರಿಗೆ ಮೆದುಳಿನ ಗೆಡ್ಡೆಯಾಯಿತೆಂದು ಹೆದರಿ ಬಂದಿರುತ್ತಾರೆ. ಅದನ್ನು ಕೇಳದೆ ಪ್ಯಾರಸಿಟಮಾಲ್ ಕೊಟ್ಟರೆ ನಾಳೆ ಸ್ಕ್ಯಾನಿಂಗ್ ಸೆಂಟರ್ ಮುಂದೆ ನಿಂತಿರುತ್ತಾರೆ.

ಬಿಪಿ ನೋಡುವುದು ಗೊತ್ತಿರುವ ಕೆಲಸ. ಅದರಲ್ಲಿ ಕಲಿಯುವುದೇನಿದೆ?

ಓಪಿಡಿಯಲ್ಲಿ ಅತಿ ಹೆಚ್ಚು ತಪ್ಪಾಗುವ ಕೆಲಸ ಅದೇ. ಬಸ್ಸಿಳಿದು ಅರ್ಧ ಮೈಲಿ ನಡೆದು ಬಂದವರನ್ನು ಕೂರಿಸಿದ ಕೂಡಲೇ, ರವಿಕೆ ಅಥವಾ ಷರಟಿನ ತೋಳಿನ ಮೇಲೆ ಕಫ್ ಕಟ್ಟಿ, ಕೈ ಜೋತುಬಿದ್ದಿರುವಾಗ, ಮಾತಾಡಿಸುತ್ತಾ ನೋಡುತ್ತಾರೆ. ಈ ಒಂದೊಂದೂ ಸಂಖ್ಯೆಯನ್ನು ಏರಿಸುತ್ತದೆ. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲದ ಮೇಲಿಟ್ಟು, ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿರಿಸಿ. ಕಫ್ ಒಳಗಿನ ಗಾಳಿಚೀಲದ ಉದ್ದ ತೋಳಿನ ಸುತ್ತಳತೆಯ ಶೇ 80, ಅಗಲ ಶೇ 40 ಇರಬೇಕು. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಇಲ್ಲದ ರಕ್ತದೊತ್ತಡ ಹುಟ್ಟುತ್ತದೆ, ಜೀವಮಾನದ ಮಾತ್ರೆ ಶುರುವಾಗುತ್ತದೆ. ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಮೊದಲ ಭೇಟಿಯಲ್ಲಿ ಎರಡೂ ತೋಳು ನೋಡಿ, ಮುಂದೆ ಹೆಚ್ಚು ಬಂದ ಕಡೆಯೇ ನೋಡಿ.

160/100 ಬಂದವರಿಗೆ ಡೋಸು ಏರಿಸುವ ಮಾತು ಬಂದಾಗ ಒಂದೇ ಪ್ರಶ್ನೆ ಮೊದಲು: ‘ಇವತ್ತು ಬೆಳಿಗ್ಗೆ ಮಾತ್ರೆ ತಗೊಂಡ್ರಾ?’ ರಕ್ತ ಕೊಡಬೇಕಾಗಬಹುದೆಂದು ಖಾಲಿ ಹೊಟ್ಟೆಯಲ್ಲಿ, ಬಿಪಿ ಮಾತ್ರೆಯನ್ನೂ ಬಿಟ್ಟು ಬಂದವರು ಬಹಳ.

ಸಕ್ಕರೆ ಕಾಯಿಲೆಯವರಲ್ಲಿ ಏನನ್ನು ವಿಶೇಷವಾಗಿ ಗಮನಿಸಬೇಕು?

ಇನ್ಸುಲಿನ್ ತಗೊಳ್ಳುವವರಿದ್ದರೆ ಸಿರಿಂಜು, ಬಾಟಲಿ ಎರಡನ್ನೂ ತರಿಸಿ ನೋಡಿ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100 ಯೂನಿಟ್. 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ಸಕ್ಕರೆ ಇಳಿಯುತ್ತಿಲ್ಲ ಅಂತ ಡೋಸು ಏರುತ್ತಾ ಹೋಗುತ್ತದೆ. ತಿರುವುಮುರುವಾದರೆ ಅಪಾಯ: 100ರದ್ದನ್ನು 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್. ಮೆಡಿಕಲ್ ಶಾಪಿನಲ್ಲಿ ಸಿರಿಂಜು ಬದಲಾದಾಗ ಈ ಎಡವಟ್ಟು ನಡೆಯುತ್ತದೆ. ಚುಚ್ಚುವ ಜಾಗವನ್ನೂ ಮುಟ್ಟಿ ನೋಡಿ. ಒಂದೇ ಕಡೆ ಚುಚ್ಚಿ ಗಂಟಾಗಿದ್ದರೆ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಇನ್ನೊಂದು, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ ತಿಂಡಿ ತಿನ್ನದೆ ಕಬ್ಬು ಕಡಿಯಲು ಹೋಗುವವರು. ಹನ್ನೊಂದು ಗಂಟೆಗೆ ಬೆವರಿ, ತಲೆಸುತ್ತಿ ಬೀಳುತ್ತಾರೆ. ಇದನ್ನೇ ಮನೆಯವರು ‘ಲೋ ಬಿಪಿ’ ಅನ್ನುತ್ತಾರೆ. ಊಟದ ಹೊತ್ತು ಕೇಳದೆ ಮಾತ್ರೆಯ ಹೊತ್ತು ಬರೆಯಬೇಡಿ.

ಊಟದ ಮಾತು ಬಂದರೆ ಮುದ್ದೆಯ ವಿಷಯ ಬಂದೇ ಬರುತ್ತದೆ. ಅನ್ನ ಬಿಟ್ಟು ಎರಡು ಮುದ್ದೆ ಉಣ್ಣಿ ಅಂತ ಹೇಳುವ ರೂಢಿ ಇದೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ ನಿಜ, ಆದರೆ 100 ಗ್ರಾಂ ಹಿಟ್ಟಿನಲ್ಲಿ ಶರ್ಕರಪಿಷ್ಟ ಸುಮಾರು 65–70 ಗ್ರಾಂ. ಗೋಧಿ, ಅಕ್ಕಿಗಿಂತ ಭಾರೀ ಕಡಿಮೆಯೇನಲ್ಲ. ಮುದ್ದೆ ಬೇಡ ಎಂದರೆ ಮಂಡ್ಯದಲ್ಲಿ ಯಾರೂ ಕೇಳುವುದಿಲ್ಲ. ಗಾತ್ರ ಕೈಯಲ್ಲಿ ತೋರಿಸಿ, ಒಂದು ಸಣ್ಣ ಮುದ್ದೆ, ಜತೆಗೆ ಸೊಪ್ಪು ಕಾಳಿನ ಸಾರು ಹೆಚ್ಚು ಎಂದರೆ ಕೇಳುತ್ತಾರೆ.

‘ಗ್ಯಾಸ್ಟ್ರಿಕ್’ ಅಂತ ಬರುವವರೆಲ್ಲರಿಗೂ ಪ್ಯಾಂಟೊಪ್ರಜೋಲ್ ಸಾಕೇ?

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಬೀಡಿ ಸೇದುವವರು ಹೊಸದಾಗಿ ‘ಗ್ಯಾಸ್ಟ್ರಿಕ್, ಎದೆ ಹಿಡ್ಕೊಂಡಂಗೆ’ ಅಂದರೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ಹೃದಯಾಘಾತವಿಲ್ಲ ಎನ್ನುವಂತಿಲ್ಲ. ನೋವು ಮುಂದುವರಿದರೆ ಮತ್ತೆ ತೆಗೆಯಬೇಕು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಬೆವರು, ಏದುಸಿರು ಇರಬಹುದು. ನಿಮ್ಮ ಪಿಎಚ್‌ಸಿಯಿಂದ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹೃದಯ ಜ್ಯೋತಿ ಯೋಜನೆಯಡಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಸಿಗುತ್ತದೆ, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಎಷ್ಟು ದೂರ ಎಂದು ಮೊದಲ ದಿನವೇ ತಿಳಿದಿಟ್ಟುಕೊಳ್ಳಿ.

ನಾಯಿ ಕಡಿತ, ಹಾವು ಕಡಿತ ಬಂದರೆ ನಮ್ಮ ಕೆಲಸ ಏನು?

ನಾಯಿ ಕಡಿತದಲ್ಲಿ ನಿಮ್ಮ ಕೈಯಿಂದಲೇ ಆಗಬೇಕಾದದ್ದು ಗಾಯ ತೊಳೆಯುವುದು: ಹರಿಯುವ ನೀರು, ಸೋಪು, 15 ನಿಮಿಷ, ಗಡಿಯಾರ ನೋಡಿಕೊಂಡು. ಮನೆಯಲ್ಲಿ ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಿದ್ದರೆ ಅದನ್ನೂ ತೊಳೆಯಬೇಕು. ಚರ್ಮದೊಳಗಿನ ಲಸಿಕೆ 0.1 ಮಿಲಿಯಂತೆ ಎರಡು ಜಾಗದಲ್ಲಿ 0, 3, 7, 28ನೇ ದಿನ. ಸ್ನಾಯುವಿಗಾದರೆ 0, 3, 7, 14, 28. ರಕ್ತ ಬಂದ ಮೂರನೇ ದರ್ಜೆಯ ಗಾಯಕ್ಕೆ ಲಸಿಕೆಯೊಂದೇ ಸಾಲದು, ಇಮ್ಯುನೊಗ್ಲೋಬುಲಿನ್ (ಸಿದ್ಧ ಪ್ರತಿಕಾಯ) ಗಾಯದ ಒಳಗೂ ಸುತ್ತಲೂ ಹೋಗಬೇಕು. ತಪ್ಪುವುದು ಇಲ್ಲೇ: ಪಿಎಚ್‌ಸಿಯಲ್ಲಿ ಲಸಿಕೆ ಆಯಿತಲ್ಲ ಎಂದು ಮುಂದಿನ ಆಸ್ಪತ್ರೆಗೆ ಹೋಗುವುದೇ ಇಲ್ಲ. ಎಲ್ಲಿಗೆ ಹೋಗಬೇಕೆಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಿ.

ಹಾವು ಕಡಿತದಲ್ಲಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ನೀವು ಮಾಡಬಹುದು. ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ 2 ಮಿಲಿ ರಕ್ತ, ಅಲುಗಾಡಿಸದೆ 20 ನಿಮಿಷ, ಆಮೇಲೆ ಒಂದು ಸಲ ವಾಲಿಸಿ ನೋಡುವುದು. ಪ್ಲಾಸ್ಟಿಕ್ ನಳಿಕೆಯಲ್ಲೋ ಸೋಪಿನ ಪುಡಿಯಲ್ಲಿ ತೊಳೆದ ಗಾಜಿನಲ್ಲೋ ಮಾಡಿದರೆ ಸರಿಯಿರುವ ರಕ್ತವೂ ಹೆಪ್ಪುಗಟ್ಟುವುದಿಲ್ಲ. ನಾಗರಹಾವು, ಕಟ್ಟುಹಾವಿನ ವಿಷ ನರಕ್ಕೆ ತಗಲುವುದರಿಂದ ಈ ಪರೀಕ್ಷೆ ಸರಿ ಬಂದರೂ ರೆಪ್ಪೆ ಇಳಿಯುತ್ತಿದೆಯೇ, ನುಂಗಲಾಗುತ್ತಿದೆಯೇ ಎಂದು ನೋಡುತ್ತಿರಬೇಕು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಇಲಾಖೆಗೆ ವರದಿ ಮಾಡುವುದು ಕಡ್ಡಾಯ. ವರದಿ ಹೇಗೆ ಹೋಗುತ್ತದೆ ಎಂದು ನೋಡಿಕೊಳ್ಳಿ.

ರೋಗಿಗಳು ಸೂಜಿಯನ್ನೇ ಕೇಳುತ್ತಾರೆ. ಏನು ಹೇಳಬೇಕು?

‘ಒಂದು ಸೂಜಿ ಹಾಕ್ಬುಡಿ ಡಾಕ್ಟ್ರೇ, ನಾಳಿಕೆ ಕೆಲ್ಸಕ್ಕೆ ಹೋಗ್ಬೇಕು’ ಎಂಬುದರಲ್ಲಿ ದಡ್ಡತನವಿಲ್ಲ, ಒಂದು ದಿನದ ಕೂಲಿಯ ಲೆಕ್ಕವಿದೆ. ಹಾಗಾಗಿ ಸೂಜಿ ಬೇಡ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ನೋವು ಎಷ್ಟು ದಿನದಲ್ಲಿ ಇಳಿಯುತ್ತದೆ, ಮಾತ್ರೆ ಎಷ್ಟು ಹೊತ್ತಿಗೆ ಕೆಲಸ ಮಾಡುತ್ತದೆ, ಯಾವ ಕೆಲಸ ಎರಡು ದಿನ ಬಿಡಬೇಕು, ಯಾವುದನ್ನು ಮಾಡಬಹುದು ಎಂದು ಹೇಳಿ. ತಿಂಗಳಿಗೆ ನಾಲ್ಕು ಸಲ ನೋವಿನ ಸೂಜಿ ಡೈಕ್ಲೋಫಿನಾಕ್ ಹಾಕಿಸಿಕೊಳ್ಳುವ, ಬಿಪಿಯೂ ಇರುವ ರೋಗಿ ಸಿಕ್ಕರೆ ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ನೋಡಿಸುವ ಬಗ್ಗೆ ವೈದ್ಯರ ಬಳಿ ಕೇಳಿ. ಕಲಿಕೆಗೆ ಅದಕ್ಕಿಂತ ಒಳ್ಳೆಯ ಕೇಸಿಲ್ಲ.

ನಾವು ಚೀಟಿ ಬರೆಯಬಹುದೇ?

ಇಲ್ಲ. ನೋಂದಣಿಯಾಗದ ವಿದ್ಯಾರ್ಥಿಯ ಸಹಿಯಲ್ಲಿ ಔಷಧ ಬರೆಯುವಂತಿಲ್ಲ, ವೈದ್ಯರು ಸಭೆಗೆ ಹೋಗಿರುವಾಗಲೂ ಇಲ್ಲ, ‘ನೀವೇ ನೋಡಿ ಕಳಿಸಿ’ ಎಂದರೂ ಇಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ ನಿಮ್ಮ ಚಿಕಿತ್ಸೆ ಬರೆದು, ವೈದ್ಯರು ಬರೆದದ್ದರ ಜತೆ ಹೋಲಿಸಿ, ವ್ಯತ್ಯಾಸಕ್ಕೆ ಕಾರಣ ಕೇಳುವುದು ಸರಿಯಾದ ದಾರಿ.

ಮನೆ ಭೇಟಿಯಲ್ಲಿ ಏನು ನೋಡಬೇಕು?

ಆಶಾ ಅಥವಾ ಆರೋಗ್ಯ ಸುರಕ್ಷಾಧಿಕಾರಿ ಜತೆಯಲ್ಲೇ ಹೋಗಿ, ಒಬ್ಬರೇ ಬೇಡ. ಮೊದಲು ಮಾತ್ರೆಯ ಚೀಲ ತರಲು ಹೇಳಿ, ಎಲ್ಲವನ್ನೂ ಚಾಪೆಯ ಮೇಲೆ ಸುರಿಸಿ. ಬೇರೆ ಬೇರೆ ಬ್ರ್ಯಾಂಡ್ ಹೆಸರಿನ ಒಂದೇ ಔಷಧ ಎರಡು ಕಡೆಯಿಂದ ಬಂದಿರುವುದು, ಅವಧಿ ಮುಗಿದ ಪಟ್ಟಿ, ಗಂಡನ ಮಾತ್ರೆಯನ್ನು ಹೆಂಡತಿ ನುಂಗುತ್ತಿರುವುದು, ಮಂಡಿನೋವಿಗೆಂದು ಹೆಸರಿಲ್ಲದ ಪೊಟ್ಟಣ: ಇವೆಲ್ಲ ಓಪಿಡಿಯಲ್ಲಿ ಕಾಣುವುದಿಲ್ಲ. ಹೆಸರಿಲ್ಲದ ಪೊಟ್ಟಣದಲ್ಲಿ ಸ್ಟೀರಾಯ್ಡ್ ಇರಬಹುದು ಎಂಬ ಅನುಮಾನ ಇರಲಿ. ಹಾಗಂತ ಒಮ್ಮೆಲೇ ನಿಲ್ಲಿಸಿ ಎಂದೂ ಹೇಳಬೇಡಿ, ದೀರ್ಘಕಾಲ ತಗೊಂಡವರಲ್ಲಿ ಅದೇ ಅಪಾಯ, ವೈದ್ಯರಿಗೆ ತಿಳಿಸಿ.

ಮೂರು ತಲೆಮಾರಿನ ಕುಟುಂಬ ನಕ್ಷೆ ಬರೆಯಿರಿ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಒಂದೇ ಮನೆಯಲ್ಲಿ ಇರುವವರ ಸುತ್ತ ಒಂದು ಗೆರೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಈ ಭಾಗದಲ್ಲಿ ಇನ್ನೂ ಇದೆ. ಅಲ್ಲಿ ಜೋಡಿ ಗೆರೆ ಹಾಕಬೇಕು. ಕೇಳುವಾಗ ‘ಸಂಬಂಧದಲ್ಲೇ ಮದುವೆಯಾ?’ ಎಂದು ಸಹಜವಾಗಿ ಕೇಳಿ, ಹುಬ್ಬೇರಿಸಬೇಡಿ. ಎರಡು ವಾರ ದಾಟಿದ ಕೆಮ್ಮಿನವರು ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂಬುದನ್ನು ಹೊರಡುವ ಮುಂಚೆ ಕೇಳಿ.

ಗೋಪ್ಯತೆ, ಕಾನೂನು ವಿಷಯದಲ್ಲಿ ಎಲ್ಲಿ ಎಚ್ಚರ ಬೇಕು?

ರೋಗಿಯ ಫೋಟೊ, ಎಕ್ಸ್‌ರೇ, ಚೀಟಿ ಯಾವುದೂ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಹೋಗಬಾರದು. ಹಳ್ಳಿಯಲ್ಲಿ ಹೆಸರು ಅಳಿಸಿದರೂ ಯಾರೆಂದು ಗೊತ್ತಾಗುತ್ತದೆ. ಹೆಂಗಸರನ್ನು ಪರೀಕ್ಷಿಸುವಾಗ ಮಹಿಳಾ ಸಿಬ್ಬಂದಿ ಕೋಣೆಯಲ್ಲಿರಲೇಬೇಕು.

18 ತುಂಬದ ಹುಡುಗಿ ಗರ್ಭಿಣಿಯಾಗಿ ಬಂದರೆ, ಮದುವೆಯಾಗಿದೆ ಎಂದರೂ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ) ಕಾಯ್ದೆಯಡಿ ತಿಳಿಸುವುದು ಕಡ್ಡಾಯ. ಹುಡುಗಿಯ ಜತೆ ಒರಟಾಗಬೇಡಿ, ಮನೆಯವರಿಗೆ ಭರವಸೆಯನ್ನೂ ಕೊಡಬೇಡಿ. ಕೂಡಲೇ ವೈದ್ಯಾಧಿಕಾರಿಗೆ ಹೇಳಿ. ಗರ್ಭಿಣಿಯ ಸ್ಕ್ಯಾನಿಂಗ್ ವರದಿ ಕೈಗೆ ಬಂದಾಗ ‘ಏನ್ ಮಗು?’ ಎಂಬ ಪ್ರಶ್ನೆಗೆ ತಮಾಷೆಗೂ ಸುಳಿವು ಕೊಡುವಂತಿಲ್ಲ. ಮಂಡ್ಯ ಜಿಲ್ಲೆಯಲ್ಲಿ 2023ರಲ್ಲಿ ಆಲೆಮನೆಯಲ್ಲೇ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದ ಜಾಲ ಬಯಲಾಗಿತ್ತು. ಸಾಯುವ ಮಾತಾಡಿದ ರೋಗಿಯನ್ನು ಒಬ್ಬರೇ ಮನೆಗೆ ಕಳಿಸಬೇಡಿ. ವೈದ್ಯರನ್ನು ಕರೆಯಿರಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಡಿ, ಮನೆಯಲ್ಲಿ ಕ್ರಿಮಿನಾಶಕ ಎಲ್ಲಿಟ್ಟಿದ್ದಾರೆ ಎಂದು ಮನೆಯವರನ್ನು ಕೇಳಿ.

ನನಗೇ ಸೂಜಿ ಚುಚ್ಚಿದರೆ?

ಸೋಪು ನೀರಿನಿಂದ ತೊಳೆಯಿರಿ, ಹಿಂಡಬೇಡಿ, ಸ್ಪಿರಿಟ್ ಸುರಿಯಬೇಡಿ. ತಕ್ಷಣ ಹೇಳಿ. ಎಚ್‌ಐವಿ ತಡೆ ಔಷಧ ಬೇಕಾದರೆ ಎರಡು ಗಂಟೆಯೊಳಗೆ ಶುರುವಾಗುವುದು ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಅವಧಿ 28 ದಿನ. ಬೈಯುತ್ತಾರೆಂದು ಸಂಜೆವರೆಗೆ ಮುಚ್ಚಿಡುವುದೇ ಇಲ್ಲಿನ ದೊಡ್ಡ ತಪ್ಪು.

ಹಾಜರಾತಿ ಮತ್ತು ಲಾಗ್‌ಬುಕ್ ಎಷ್ಟು ಮುಖ್ಯ?

ಎಲೆಕ್ಟಿವ್‌ನಲ್ಲಿ ಶೇ 75 ಹಾಜರಾತಿ ಮತ್ತು ಲಾಗ್‌ಬುಕ್ ಇಲ್ಲದೆ ಅಂತಿಮ ಪರೀಕ್ಷೆಗೆ ಕೂರಲಾಗುವುದಿಲ್ಲ. 15ರಲ್ಲಿ ಶೇ 75 ಎಂದರೆ 11.25, ಅಂದರೆ 12 ದಿನ ಬೇಕು. ಭಾನುವಾರಗಳನ್ನು ಎಣಿಸುತ್ತಾರೋ ಇಲ್ಲವೋ ಎಂದು ಮೊದಲೇ ಕೇಳಿಕೊಳ್ಳಿ. ತಪ್ಪಿದ ಹಳೆಯ ಕ್ಲಿನಿಕಲ್ ಪೋಸ್ಟಿಂಗ್ ತುಂಬಿಸಿಕೊಳ್ಳಲು ಈ ಅವಧಿಯನ್ನು ಬಳಸುವಂತಿಲ್ಲ.

ಲಾಗ್‌ಬುಕ್ಕಿನಲ್ಲಿ ಪ್ರತಿ ಕೇಸಿಗೂ ದಿನಾಂಕ, ವಯಸ್ಸು, ಲಿಂಗ, ಬಂದ ಕಾರಣ ರೋಗಿಯ ಮಾತಿನಲ್ಲೇ, ನಿಮ್ಮ ಅಂದಾಜು, ವೈದ್ಯರ ತೀರ್ಮಾನ, ಎರಡಕ್ಕೂ ಇರುವ ವ್ಯತ್ಯಾಸ, ಮತ್ತೆ ಬಂದಾಗ ಏನಾಗಿತ್ತು. ಹೆಸರು, ಫೋನ್ ನಂಬರ್ ಬೇಡ. ಸಹಿ ಅಂದಂದೇ ಮಾಡಿಸಿ. ಕೊನೆಯ ದಿನ ವೈದ್ಯರು ರಜೆಯಲ್ಲಿದ್ದರೆ ಅರವತ್ತು ಪುಟಕ್ಕೆ ಸಹಿ ಹಾಕುವವರಿಲ್ಲ. ‘ಜ್ವರ, ವೈರಲ್’ ಎಂದು ಮೂವತ್ತು ಸಾಲು ಬರೆದದ್ದಕ್ಕಿಂತ ಮೂರು ಸಲ ನೋಡಿದ ಒಬ್ಬ ರೋಗಿಯ ಎರಡು ಪುಟಕ್ಕೆ ಪರೀಕ್ಷಕರು ಬೆಲೆ ಕೊಡುತ್ತಾರೆ.

ಮುಂದೆ ಇದರಲ್ಲೇ ಪಿಜಿ ಮಾಡಬಹುದೇ?

ಮಾಡಬಹುದು. ಎಂಡಿ ಫ್ಯಾಮಿಲಿ ಮೆಡಿಸಿನ್ ಮತ್ತು ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ಎರಡೂ ಮೂರು ವರ್ಷ, ಎರಡು ವರ್ಷದ ಡಿಪ್ಲೊಮಾ ಕೂಡ ಇದೆ; ಪ್ರವೇಶ ನೀಟ್ ಪಿಜಿ ಮೂಲಕ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ಈ ವಿಷಯದ ಪಿಜಿ ಕೋರ್ಸುಗಳನ್ನು ಉತ್ತೇಜಿಸಬೇಕೆಂದು ಹೇಳುತ್ತದೆ, ಆದರೆ ಎಂಡಿ ಸೀಟು ಇನ್ನೂ ಕಡಿಮೆ. ನೀಟ್ ಓದಿಗೆ ಸಮಯ ಸಿಗುತ್ತದೆಂದು ಮಾತ್ರ ಈ ಎಲೆಕ್ಟಿವ್ ಆರಿಸುವುದಾದರೆ ಬೇರೆಯದನ್ನು ಆರಿಸಿ. ನಿಮ್ಮ ಜಾಗ ಇನ್ನೊಬ್ಬರಿಗೆ ಸಿಗಲಿ.

ಪೋಸ್ಟಿಂಗ್ ಮುಗಿದ ಮೇಲೂ ರೋಗಿಗಳು ಫೋನ್ ಮಾಡಿ ಔಷಧ ಕೇಳುತ್ತಾರೆ. ಏನು ಮಾಡಲಿ?

ನಂಬರ್ ಕೊಡದಿರುವುದೇ ಸರಿ. ಕೊಟ್ಟಾಗಿದ್ದರೆ ಫೋನಿನಲ್ಲಿ ಮಾತ್ರೆಯ ಹೆಸರು ಹೇಳಬೇಡಿ, ಪಿಎಚ್‌ಸಿಗೆ ಹೋಗಲು ಹೇಳಿ. ಕೊನೆಯ ದಿನಕ್ಕಿಂತ ಎರಡು ದಿನ ಮುಂಚೆ, ನೀವು ಮತ್ತೆ ಬರಹೇಳಿದವರ ಪಟ್ಟಿ ಮಾಡಿ: ಯಾರು, ಯಾವ ದಿನ ಬರಬೇಕು, ಏನು ನೋಡಬೇಕು, ಯಾವ ವರದಿ ಬಾಕಿ. ಒಂದು ಪ್ರತಿ ವೈದ್ಯಾಧಿಕಾರಿಗೆ, ಒಂದು ಆ ಊರಿನ ಆಶಾಗೆ. ಬರಬೇಕಾದವರಿಗೂ ‘ನಾನು ಶನಿವಾರದ ಮೇಲೆ ಇರುವುದಿಲ್ಲ, ಇವರನ್ನು ಕಾಣಿ’ ಎಂದು ಎದುರಿಗೇ ಹೇಳಿ, ಆ ವೈದ್ಯರ ಹೆಸರನ್ನು ಅವರ ಚೀಟಿಯ ಹಿಂದೆ ಬರೆದುಕೊಡಿ.